ಲಾಮಾಗಳ ಪಂಕ್ತಿಯಲ್ಲಿ ‘ಬ್ಯಾಡ’ ಅಂದದ್ದು

ನನ್ನ ಬಲಗೈಗೆ ಒಂದು ಕೆಟ್ಟ ಚಾಳಿ ಇದೆ. ಯಾರಾದರೂ ಸೌಟು ಹಿಡಿದು ಹತ್ತಿರ ಬಂದರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ತಾನಾಗಿ ಎದ್ದು ತಟ್ಟೆಗೆ ಅಡ್ಡ ನಿಲ್ಲುತ್ತದೆ. ಹೊಟ್ಟೆ ‘ಹಾಕಿಸ್ಕೊಳ್ಳೇ’ ಅಂತ ಬಡಕೊಳ್ಳುತ್ತಿರುತ್ತದೆ, ಬಾಯಿ ‘ಬ್ಯಾಡ ಬ್ಯಾಡ’ ಅನ್ನುತ್ತಿರುತ್ತದೆ. ಮೊನ್ನೆ ನ್ಯಾಮತಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಟ್ನಿ ಬಕೆಟ್ ಹಿಡಿದು ಬಂದವನಿಗೂ ಹಾಗೇ ಕೈ ಅಡ್ಡ ಹಿಡಿದೆ. ಅವನೇನು ನನ್ನ ಸೋದರಮಾವನೇ, ‘ಛೇ, ಸ್ವಲ್ಪ ಹಾಕಿಸ್ಕೋ ಮಗಳೇ’ ಅನ್ನಲಿಕ್ಕೆ? ತಿರುಗಿ ನೋಡದೆ ಮುಂದಿನ ಟೇಬಲಿಗೆ ಹೋದ. ಬರೀ ಇಡ್ಲಿ ಗಂಟಲಲ್ಲಿ ಇಳಿಯದೆ ಒದ್ದಾಡುವಾಗ ನನಗೆ ಹಿಮಾಲಯದ ಆ ಹಳೇ ಮಠ, ಅಲ್ಲಿನ ಊಟದ ಮನೆ, ನಮ್ಮ ಗೌರಕ್ಕನ ಮುಖ, ಎಲ್ಲಾ ಒಟ್ಟಿಗೆ ನೆನಪಾಗಿ ನಗು ಬಂತು. ನೀರು ಕುಡಿದು ಸಾವರಿಸಿಕೊಂಡೆ.

ನಮ್ಮ ಕಡೆಯವರಿಗೆ ಈ ಚಾಳಿಯನ್ನು ಬಿಡಿಸಿ ಹೇಳಬೇಕಿಲ್ಲ. ಚನ್ನಗಿರಿಯಿಂದ ಜಗಳೂರಿನವರೆಗೆ ಯಾರ ಮನೆಯ ಪಂಕ್ತಿಯಲ್ಲಿ ಕುಂತರೂ ನಿಯಮ ಒಂದೇ. ಬಡಿಸುವವರು ಬಿಡಬಾರದು, ಉಣ್ಣುವವರು ಒಪ್ಪಬಾರದು. ಸ್ವಲ್ಪ ಹೊತ್ತು ಜಗಳದ ಹಾಗೇ ನಡೆದು, ಕೊನೆಗೆ ಸೋತವರ ಹಾಗೆ ಮುಖ ಮಾಡಿಕೊಂಡು, ಹಾಕಿದ್ದನ್ನೆಲ್ಲ ಉಣ್ಣಬೇಕು. ನಮ್ಮ ಚಿಕ್ಕಪ್ಪ ಒಬ್ಬರು ಬಸವಾಪಟ್ಟಣದ ಮದುವೆಯಲ್ಲಿ ಮೈಸೂರು ಪಾಕಿಗೆ ಒಮ್ಮೆ ಬೇಡ ಅಂದರಂತೆ. ಬಡಿಸುವ ಹುಡುಗ ಪರವೂರಿನವನು, ಅದನ್ನು ನಿಜ ಅಂತಲೇ ನಂಬಿ ಮುಂದೆ ಹೋದ. ಚಿಕ್ಕಪ್ಪ ಸಾಯುವ ತನಕ ಆ ಬೀಗರ ಮನೆಗೆ ಕಾಲಿಡಲಿಲ್ಲ. “ಮರ್ಯಾದೆ ಗೊತ್ತಿಲ್ಲದ ಜನ” ಅನ್ನುತ್ತಿದ್ದರು. ಅವರಿಗೆ ಮೈಸೂರು ಪಾಕು ತಪ್ಪಿತಲ್ಲ ಅನ್ನೋ ಹೊಟ್ಟೆಯುರಿ ಅಂತ ಚಿಕ್ಕಮ್ಮ ನಮ್ಮ ಕಿವಿಯಲ್ಲಿ ಹೇಳುತ್ತಿದ್ದರು.

ನನಗೆ ಈ ವಿದ್ಯೆ ಕಲಿಸಿದ್ದು ನಮ್ಮವ್ವ. ನಮ್ಮದು ಜಗಳೂರಿನ ಆಚೆ ಒಂದು ಸಣ್ಣ ಹಳ್ಳಿ. ನೆಂಟರ ಮನೆಗೆ ಹೊರಡುವ ಮುಂಚೆ ಅವ್ವ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ತಲೆಗೆ ಎಣ್ಣೆ ತಟ್ಟುತ್ತಾ ಪಾಠ ಹೇಳುತ್ತಿದ್ದಳು. “ನೋಡ್ರಿ, ಹಾಕಾಕೆ ಬಂದ ಕೂಡ್ಲೆ ಬಾಯಿ ತೆರ್ಕಂಡು ಕುಂದರಬ್ಯಾಡ್ರಿ. ಬ್ಯಾಡ ಅನ್ರಿ. ತಿರುಗಿ ಹಾಕಾಕೆ ಬರ್ತಾರೆ, ಆಗ್ಲೂ ಬ್ಯಾಡ ಅನ್ರಿ. ಆಮ್ಯಾಲೆ ಹಾಕಿದ್ದನ್ನ ಒಂದು ಅಗುಳೂ ಬಿಡದಂಗೆ ಉಣ್ರಿ. ಇಲ್ದಿದ್ರೆ ಇವ್ರ ಮನ್ಯಾಗೆ ಕೂಳಿಗೆ ಗತಿ ಇಲ್ಲೇನೋ ಅಂತಾರೆ.” ಗತಿ ಇರಲಿಲ್ಲ ಅನ್ನುವುದು ಬೇರೆ ಮಾತು. ಅದು ನೆಂಟರಿಗೆ ಗೊತ್ತಾಗಬಾರದಿತ್ತು, ಅಷ್ಟೆ.

ಅಪ್ಪ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದ. ಒಂದು ಸಲ ಗೆಳೆಯರ ಜೊತೆ ನಾಗಪುರಕ್ಕೆ ಹೋದವನು ಬರುವಾಗ ಕಂಕುಳಲ್ಲಿ ಬುದ್ಧನ ಫೋಟೋ ಇಟ್ಟುಕೊಂಡು ಬಂದ. “ಇನ್ನು ಮ್ಯಾಲೆ ನಾವು ಬೌದ್ಧರು” ಅಂದ. ಅಲ್ಲಿಯವರೆಗೆ ಚೌಡಿ ಆಗಿದ್ದ ನಾನು ಅವತ್ತು ಸುಜಾತ ಆದೆ. “ತಪಸ್ಸಿಗೆ ಕುಂತು ಎಲುಬು ಕಾಣೋ ಹಂಗೆ ಆಗಿದ್ದ ಬುದ್ಧನಿಗೆ ಪಾಯಸ ಕೊಟ್ಟು ಬದುಕಿಸಿದ ಹೆಣ್ಮಗಳ ಹೆಸರು ಕಣವ್ವಾ ಅದು” ಅಂತ ಅಪ್ಪ ಹೆಮ್ಮೆಯಿಂದ ಹೇಳಿದ. ನಮ್ಮಜ್ಜಿಗೆ ಮಾತ್ರ ಬುದ್ಧನ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ತಿಳಿಯಲಿಲ್ಲ. ಫೋಟೋದ ಹಣೆಗೆ ಅಡ್ಡಡ್ಡ ವಿಭೂತಿ ಎಳೆದು, ಮುಂದೆ ತೆಂಗಿನಕಾಯಿ ಒಡೆದಳು. ಅಪ್ಪ ರೇಗಿದ. “ಯವ್ವಾ, ಅವ್ರು ಕಾಯಿ ಕೇಳಲ್ಲ!” ಅಜ್ಜಿ ಕಾಯಿಚೂರು ಆರಿಸಿಕೊಳ್ಳುತ್ತಾ, “ಕೇಳದಿದ್ರೆ ಬಿಡ್ಲಿ ಕಣಪ್ಪ, ಚಟ್ನಿಗಾತು” ಅಂದಳು. ನನ್ನ ಬೌದ್ಧ ಧರ್ಮದ ವಿದ್ಯಾಭ್ಯಾಸ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. ಪಂಚಶೀಲ ಬಾಯಿಪಾಠ, ಬುದ್ಧ ಪೂರ್ಣಿಮೆಗೆ ಬಿಳಿ ಸೀರೆ, ಅದರಾಚೆ ನಾನು ದಡ್ಡಿ.

ಈಗ ಗೌರಕ್ಕನ ವಿಷಯಕ್ಕೆ ಬರುತ್ತೇನೆ. ನಾನು ನ್ಯಾಮತಿಯ ಶಾಲೆಯಲ್ಲಿ ಮೇಷ್ಟರಗಿತ್ತಿ. ಗೌರಕ್ಕನೂ ಅದೇ ಶಾಲೆಯವಳು, ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಮನೆ ನಮ್ಮ ಪಕ್ಕದ ಬೀದಿಯಲ್ಲೇ. ಬಂಗಾರದಂಥ ಹೆಂಗಸು. ನನಗೆ ಟೈಫಾಯಿಡ್ ಆದಾಗ ದಿನಾ ಬೆಳಗ್ಗೆ ಗಂಜಿ ಮಾಡಿ ತಂದು, ಗದರಿಸಿ ಕುಡಿಸಿದವಳು ಅವಳೇ. ಶಾಲೆಯಲ್ಲಿ ಅವಳ ಡಬ್ಬಿಯ ಅರ್ಧ ನನ್ನ ತಟ್ಟೆಗೇ ಬೀಳುತ್ತದೆ. ಆದರೆ ನಮ್ಮ ಮನೆಗೆ ಬಂದ ದಿನ ಅವಳಿಗೆ ತಪ್ಪದೆ ಉಪವಾಸ. ಸೋಮವಾರ ಶಿವನದು, ಮಂಗಳವಾರ ಗ್ರಾಮದೇವತೆಯದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಹನುಮಪ್ಪನದು. ಬುಧವಾರ, ಗುರುವಾರಗಳಲ್ಲಿ ದೇವರುಗಳು ಸಿಗದೇ ಹೋದರೆ ಹೊಟ್ಟೆ ಸರಿಯಿರುವುದಿಲ್ಲ. ಭಾನುವಾರ ಅವಳು ಬರುವುದೇ ಇಲ್ಲ. ಇಷ್ಟು ಉಪವಾಸ ನಿಜಕ್ಕೂ ಮಾಡಿದ್ದರೆ ಅವಳು ಕಡ್ಡಿಯಾಗಿರಬೇಕಿತ್ತು. ಆದರೆ ನಮ್ಮ ಗೌರಕ್ಕ ಒಂದು ಆಟೋದಲ್ಲಿ ಕುಂತರೆ ಇನ್ನೊಬ್ಬರಿಗೆ ಜಾಗ ಸಾಲುವುದಿಲ್ಲ.

ಜಾತಿ ಅನ್ನುವ ಮಾತು ನಮ್ಮಿಬ್ಬರ ನಡುವೆ ಒಂದು ದಿನವೂ ಬಂದಿಲ್ಲ. ಬರುವ ಅಗತ್ಯವೇ ಬೀಳಲಿಲ್ಲ, ಉಪವಾಸವೇ ಆ ಕೆಲಸ ನೋಡಿಕೊಳ್ಳುತ್ತಿತ್ತು. ಗೌರಕ್ಕ ಹೋಟೆಲಿನಲ್ಲಿ ಉಣ್ಣುತ್ತಾಳೆ, ರೈಲಿನಲ್ಲಿ ಉಣ್ಣುತ್ತಾಳೆ, ಅದನ್ನು ಬೇಯಿಸಿದವರು ಯಾರೋ ಏನೋ. ಅವರ ಹೆಸರು ಅವಳಿಗೆ ಗೊತ್ತಿಲ್ಲ, ನಮ್ಮವ್ವನ ಹೆಸರು ಗೊತ್ತು. ಅಷ್ಟೇ ವ್ಯತ್ಯಾಸ. ನಾನು ಇದನ್ನು ನಕ್ಕು ಮರೆಯುವುದನ್ನು ಕಲಿತಿದ್ದೆ. ಅವ್ವನಿಗೆ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಗೌರಕ್ಕ ಬರುತ್ತಾಳೆ ಅಂದರೆ ಸಾಕು, ಒಲೆ ಮುಂದೆ ಕುಂತುಬಿಡುತ್ತಾಳೆ. ಒಂದು ದಿನ ಶಾವಿಗೆ, ಒಂದು ದಿನ ಶೇಂಗಾ ಹೋಳಿಗೆ. “ನನ್ನ ಮಗಳಿಗೆ ಗಂಜಿ ಕುಡಿಸಿ ಬದುಕಿಸಿದ ಹೆಣ್ಮಗಳು. ನನ್ನ ಕೈಯಾಗೆ ಒಂದು ತುತ್ತು ಉಂಡ್ರೆ ನನಗೊಂದು ಸಮಾಧಾನ” ಅನ್ನುತ್ತಾಳೆ. ಗೌರಕ್ಕ ನೀರು ಮಾತ್ರ ಕುಡಿದು, ಅದೂ ಮೇಲಿಂದ ಎತ್ತಿ ಕುಡಿದು ಹೋದ ಮೇಲೆ, ಅವ್ವ ಮಾಡಿದ್ದರ ಮೇಲೆ ತಟ್ಟೆ ಮುಚ್ಚಿ ಗೋಡೆಗೆ ಒರಗುತ್ತಾಳೆ. ನನಗೆ ಆ ಹೊತ್ತು ಗೌರಕ್ಕನ ಮೇಲೆ ಕೆಂಡದಂಥ ಸಿಟ್ಟು ಬರುತ್ತದೆ. ಮರುದಿನ ಅವಳು “ಬಾರೇ ಸುಜಾತ, ಮಂಡಕ್ಕಿ ತಂದೀನಿ” ಅಂದರೆ ಆ ಸಿಟ್ಟು ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಹೀಗಿರುವಾಗ ಚನ್ನಗಿರಿಯ ರುದ್ರಪ್ಪ ಮಾಸ್ತರು ನಮ್ಮನ್ನು ಹಿಮಾಲಯಕ್ಕೆ ಹೊರಡಿಸಿದರು. ಅವರು ಪಿ.ಟಿ. ಮಾಸ್ತರಾಗಿ ನಿವೃತ್ತರಾದವರು, ಈಗ ರಜೆಯಲ್ಲಿ ಶಿಕ್ಷಕರನ್ನು ಪ್ರವಾಸ ಕರೆದುಕೊಂಡು ಹೋಗುತ್ತಾರೆ. ಕೊರಳಲ್ಲಿ ಈಗಲೂ ಸೀಟಿ ನೇತಾಡುತ್ತಿರುತ್ತದೆ. ದಾವಣಗೆರೆ ಸ್ಟೇಷನ್ನಿನಲ್ಲಿ ಅವರು ಸೀಟಿ ಊದಿದ್ದಕ್ಕೆ ನಮ್ಮ ಗುಂಪಿನ ಜೊತೆ ಎರಡು ಕುಟುಂಬ ಹೆಚ್ಚಿಗೆ ಬಂದು ಸಾಲಾಗಿ ನಿಂತವು. ಪ್ರವಾಸದ ಪಟ್ಟಿಯಲ್ಲಿ ಮಂಜಿನ ಬೆಟ್ಟಗಳ ನಡುವೆ ಒಂದು ಬಹಳ ಹಳೇ ಬೌದ್ಧ ಮಠವಿತ್ತು, ಅಲ್ಲಿನ ಲಾಮಾಗಳ ಜೊತೆ ಸಾಮೂಹಿಕ ಊಟವೂ ಇತ್ತು. ಅದನ್ನು ಓದಿದ್ದೇ ತಡ, ರುದ್ರಪ್ಪ ಮಾಸ್ತರು ನನ್ನ ಕಡೆ ತಿರುಗಿದರು. “ಅಲ್ಲಿ ಹೆಂಗೆ ಕುಂದರಬೇಕು, ಹೆಂಗೆ ಉಣ್ಣಬೇಕು ನಮಗೇನು ಗೊತ್ತೈತ್ರಿ? ಸುಜಾತ ಟೀಚರ್ ಅದಾರಲ್ಲ, ಅವರದೇ ಮಠ. ಅವರು ಹೆಂಗೆ ಮಾಡ್ತಾರೆ ಹಂಗೆ ಮಾಡಿಬಿಡಾನ.”

ನಾನು ಆಗಲೇ, ‘ಅಯ್ಯೋ ನನಗೇನೂ ಗೊತ್ತಿಲ್ರೀ’ ಅನ್ನಬೇಕಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಒಂದು ಮಠವನ್ನು ‘ನಿಮ್ಮದು’ ಅಂತ ನನಗೆ ಕೊಟ್ಟಿದ್ದರು. ಬಿಡಲು ಮನಸ್ಸಾಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, “ನೋಡ್ರಿ, ನಮ್ಮಲ್ಲಿ ಊಟ ಅಂದ್ರೆ ಅದೂ ಒಂದು ಧ್ಯಾನ” ಅಂದೆ. ಎಲ್ಲಿಂದ ಬಂತೋ ಆ ಮಾತು! ಗೌರಕ್ಕ ಕಣ್ಣರಳಿಸಿ ನೋಡಿದಳು. ರೈಲಿನಲ್ಲಿ ಎರಡು ದಿನ ನಾನು ಧ್ಯಾನದ ವಿಷಯ ಏನೇನೋ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬಂದುಬಿಟ್ಟಿತ್ತು.

ಮಠ ಇದ್ದದ್ದು ಕಡಿದಾದ ಬೆಟ್ಟದ ಮೇಲೆ. ಜೀಪಿನಲ್ಲಿ ಹೋಗಿ, ಆಮೇಲೆ ಮೆಟ್ಟಿಲು ಹತ್ತಬೇಕು. ಬೆಳಗ್ಗೆ ಬೇಗ ಹೊರಟಿದ್ದೆವು, ತಿಂಡಿಯೂ ಆಗಿರಲಿಲ್ಲ. ಊರಿಂದ ತಂದ ಚಕ್ಕುಲಿ, ಚಪಾತಿ, ಅವಲಕ್ಕಿ ಎಲ್ಲ ರೈಲಿನಲ್ಲೇ ಮುಗಿದಿದ್ದವು. ಉಳಿದಿದ್ದು ಜೀಪಿನಲ್ಲಿದ್ದ ನನ್ನ ಬ್ಯಾಗಿನೊಳಗಿನ ಒಂದು ಡಬ್ಬಿ. “ಪರದೇಶ, ಏನು ಸಿಗ್ತೈತೋ ಏನಿಲ್ಲೋ” ಅಂತ ಅವ್ವ ಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಅದರಲ್ಲಿತ್ತು. ರೈಲಿನಲ್ಲಿ ನಾನದನ್ನು ತೆಗೆಯಲೇ ಇಲ್ಲ. ತೆಗೆದರೆ ಗೌರಕ್ಕನಿಗೆ ಕೊಡಬೇಕು, ಕೊಟ್ಟರೆ ಅವಳು ವಾರ ಎಣಿಸಬೇಕು. ಇಬ್ಬರಿಗೂ ಯಾಕೆ ಬೇಕು ಆ ಫಜೀತಿ ಅಂತ ಸುಮ್ಮನಿದ್ದೆ.

ಊಟದ ಮನೆ ನೋಡಿ ನಾನು ಬೆರಗಾದೆ. ಉದ್ದನೆಯ ಕೋಣೆ, ದಪ್ಪ ಮರದ ಕಂಬಗಳು, ಎಷ್ಟೋ ತಲೆಮಾರುಗಳ ಹೊಗೆ ಕುಡಿದು ಕಪ್ಪಗೆ ಹೊಳೆಯುವ ತೊಲೆಗಳು. ಆ ಕಪ್ಪು ನೋಡಿದ ಕೂಡಲೇ ನಮ್ಮಜ್ಜಿಯ ಅಡಿಗೆಮನೆ ನೆನಪಾಯಿತು. ನೆಲಕ್ಕೆ ಉದ್ದಕ್ಕೂ ಕಂಬಳಿ ಹಾಸು, ಮುಂದೆ ಮೊಣಕಾಲೆತ್ತರದ ಹಲಗೆ, ಮೂಲೆಯಲ್ಲಿ ಒಬ್ಬ ಮನುಷ್ಯ ಇಳಿದು ಸ್ನಾನ ಮಾಡಬಹುದಾದಷ್ಟು ದೊಡ್ಡ ತಾಮ್ರದ ಹಂಡೆಗಳು. ನೀವ್ಯಾರು, ಎಲ್ಲಿಯವರು, ಎಲ್ಲಿ ಕೂರಬೇಕು ಅಂತ ಯಾರೂ ಕೇಳಲಿಲ್ಲ. ಬಂದವರು ಬಂದ ಹಾಗೆ ಕುಂತರು. ಮುದಿ ಲಾಮಾ ಪಕ್ಕದಲ್ಲಿ ಜೀಪಿನ ಡ್ರೈವರು, ಅವನ ಪಕ್ಕದಲ್ಲಿ ಯಾರೋ ವಿದೇಶದ ಹೆಂಗಸು. ಗೌರಕ್ಕ ನನ್ನ ಪಕ್ಕದಲ್ಲೇ ಕುಂತಳು, ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ನಮ್ಮಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿ ಕಣ್ಣು ತುಂಬಿತು.

ಕಣ್ಣು ತುಂಬಿದ್ದರಿಂದಲೋ ಏನೋ, ಮೊದಲ ಎಡವಟ್ಟು ಅಲ್ಲೇ ಆಯಿತು. ದಪ್ಪಗೆ, ಕೆಂಪಗೆ, ತೇಜಸ್ಸಿನಿಂದ ಬೆವರುತ್ತಿದ್ದ ಒಬ್ಬರು ಒಳಗಿಂದ ಬಂದರು. ಇವರೇ ದೊಡ್ಡ ಗುರುಗಳು ಅಂತ ನಾನು ಎದ್ದು ಅಡ್ಡಬಿದ್ದೆ. ನನ್ನ ಹಿಂದೆ ನಮ್ಮ ಗುಂಪಿನ ಹೊನ್ನಾಳಿಯವರು, ಚನ್ನಗಿರಿಯವರು, ಇಡೀ ಸಾಲು ದಬದಬ ಅಡ್ಡಬಿತ್ತು. ಆ ಮನುಷ್ಯ ಹೆದರಿ ಎರಡು ಹೆಜ್ಜೆ ಹಿಂದೆ ಸರಿದು, ಕೈಯಲ್ಲಿದ್ದ ಸೌದೆ ಅಲ್ಲೇ ಹಾಕಿ ಒಳಗೆ ಓಡಿದ. ಅಡಿಗೆಯವನು ಪಾಪ. ದೊಡ್ಡ ಗುರುಗಳು ಆಗಲೇ ನಮ್ಮ ಎದುರಿಗೆ ಸಣ್ಣಗೆ ಮುದುರಿಕೊಂಡು ಕುಂತಿದ್ದರು. ಅವರನ್ನು ಯಾರೂ ಗಮನಿಸಿರಲಿಲ್ಲ.

ಆಮೇಲೆ ಪ್ರಾರ್ಥನೆ ಶುರುವಾಯಿತು. ಗುಂಯ್ ಅಂತ ಎದೆಯೊಳಗಿಂದ ಎದ್ದು ಬರುವ ದನಿ, ಮುಗಿಯುವ ಲಕ್ಷಣವೇ ಇಲ್ಲ. ನಾನು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಬೇಕಾಯಿತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರಲ್ಲ. ಪಂಚಶೀಲ ಹೇಳಿದೆ. ಮುಗಿಯಿತು. ಮತ್ತೊಮ್ಮೆ ಹೇಳಿದೆ. ಅದೂ ಮುಗಿಯಿತು. ಬೇರೇನೂ ತೋಚದೆ ಹದಿಮೂರರ ಮಗ್ಗಿ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಗೌರಕ್ಕ ನನ್ನ ತುಟಿ ನೋಡಿಕೊಂಡು ಭಕ್ತಿಯಿಂದ, “ಹದಿಮೂರು ಎಂಟ್ಲಿ ನೂರಾ ನಾಕು” ಅಂತ ದನಿಗೂಡಿಸಿದಳು. ಲೆಕ್ಕದ ಟೀಚರು ಅವಳು, ತಪ್ಪಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಪಂಕ್ತಿ ಏಳುವ ತನಕ ಯಾರೂ ಮಾತಾಡುವ ಹಾಗಿಲ್ಲ ಅಂತ ರುದ್ರಪ್ಪ ಮಾಸ್ತರು ಮೊದಲೇ ಹೇಳಿದ್ದರು. ಎಳೆಯ ಲಾಮಾಗಳಿಬ್ಬರು ಬಕೆಟ್ ಹಿಡಿದು ಬಂದರು. ಬಿಸಿ ಅನ್ನ, ಬೇಳೆ, ಹಬೆಯಲ್ಲಿ ಬೇಯಿಸಿದ ಹೂವಿನಂಥ ರೊಟ್ಟಿ. ಆ ಚಳಿಯಲ್ಲಿ ಏಳುತ್ತಿದ್ದ ಆ ಹಬೆ! ನನ್ನ ಹೊಟ್ಟೆ ಗುರುಗುರು ಅಂದದ್ದು ಎದುರಿನ ಸಾಲಿಗೆ ಕೇಳಿಸಿರಬೇಕು. ಸಾಲಿನ ತಲೆಯಲ್ಲಿ ನಾನೇ. ಸೌಟು ನನ್ನ ಬಟ್ಟಲಿನ ಹತ್ತಿರ ಬಂತು. ಆಗ ಈ ಹಾಳು ಕೈ ಎದ್ದಿತು. ಅವ್ವ ಕಲಿಸಿದ ಹಾಗೆ, ಅಂಗೈ ಬಟ್ಟಲಿಗೆ ಅಡ್ಡ, ಮುಖದಲ್ಲಿ ನಾಚಿಕೆಯ ನಗು.

ಲಾಮಾ ಒಂದು ಕ್ಷಣ ನಿಂತು ನನ್ನನ್ನು ನೋಡಿದ. ತಲೆಬಾಗಿ ನಮಸ್ಕಾರ ಮಾಡಿ ಮುಂದೆ ಹೋದ.

ಬರ್ತಾನೆ ಬಿಡು, ಇನ್ನೊಂದು ಸಲ ಬರ್ತಾನೆ, ಅಂದುಕೊಂಡೆ. ಅಷ್ಟರಲ್ಲಿ ಗೌರಕ್ಕ ನನ್ನ ಕೈ ನೋಡಿದ್ದಳು. ಓಹೋ, ಇಲ್ಲಿ ಹಿಂಗೆ ಮಾಡಬೇಕು ಅಂತ ತಾನೂ ಅಂಗೈ ಅಡ್ಡ ಇಟ್ಟಳು. ಅವಳ ಆಚೆಯವರು ಇಟ್ಟರು. ಒಬ್ಬರಾದ ಮೇಲೆ ಒಬ್ಬರಂತೆ, ರುದ್ರಪ್ಪ ಮಾಸ್ತರ ತನಕ, ನಮ್ಮ ಗುಂಪಿಗೆ ಗುಂಪೇ ಅಂಗೈ ಅಡ್ಡ ಹಿಡಿದು, ಕಣ್ಣು ಅರ್ಧ ಮುಚ್ಚಿ, ನಾಚಿಕೆಯ ನಗು ನಕ್ಕಿತು. ಬಕೆಟ್ ತುಂಬಿದ್ದು ತುಂಬಿದ ಹಾಗೇ ಸಾಲಿನ ಕೊನೆ ಮುಟ್ಟಿತು. ಎರಡನೇ ಬಕೆಟ್ ಬಂತು, ಆಲೂಗಡ್ಡೆ ಪಲ್ಯ. ಈ ಸಲ ನಾನು ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು, ಬಟ್ಟಲು ಮುಂದೆ ತಳ್ಳಿ ಕಾದೆ. ಖಾಲಿ ಬಟ್ಟಲು ನೋಡಿದ ಆ ಹುಡುಗ ನಮ್ಮ ಸಾಲಿಗೆ ಬರಲೇ ಇಲ್ಲ, ದೂರದಿಂದಲೇ ಕೈಮುಗಿದು ಹೋದ.

ಬಂದದ್ದು ಚಹಾ ಒಂದೇ. ಉಪ್ಪು, ಬೆಣ್ಣೆ ಹಾಕಿ ಕಡೆದ ಚಹಾ. ಲೋಟಕ್ಕೆ ಕೈ ಅಡ್ಡ ಹಿಡಿದು ನನಗೆ ಅಭ್ಯಾಸವಿಲ್ಲವಲ್ಲ, ತುಂಬಿಸಿಯೇಬಿಟ್ಟರು. ರುದ್ರಪ್ಪ ಮಾಸ್ತರು ಸಿಹಿ ಚಹಾ ಅಂತ ಒಂದೇ ಗುಟುಕಿಗೆ ಎತ್ತಿದರು. ಅವರ ಮೀಸೆ ಎರಡೂ ಕಡೆ ಎದ್ದು ನಿಂತಿತು. ಉಗುಳುವಂತಿಲ್ಲ, ಮಾತಾಡುವಂತಿಲ್ಲ. ಅಲ್ಲಿನ ಪದ್ಧತಿ ಏನೆಂದರೆ, ಲೋಟ ಒಂದು ಬೆರಳು ಇಳಿದರೂ ಸಾಕು, ಓಡಿ ಬಂದು ತುಂಬಿಸುತ್ತಾರೆ. ಬೇಗ ಮುಗಿಸಿಬಿಡಾನ ಅಂತ ಅವರು ಕುಡಿಯುವುದು, ಕೆಟಲಿನವನು ತುಂಬುವುದು. ಅವರು ನನ್ನ ಕಡೆ ನೋಡಿದ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಕೈ ಸೀಟಿಯ ಮೇಲಿತ್ತು.

ಪಂಕ್ತಿ ಎದ್ದಿತು. ಅಂಗಳಕ್ಕೆ ಬಂದರೆ ದೊಡ್ಡ ಗುರುಗಳೇ ಬಿಳೀ ಶಲ್ಯಗಳನ್ನು ಹಿಡಿದು ನಿಂತಿದ್ದಾರೆ. ನಮ್ಮೆಲ್ಲರ ಕೊರಳಿಗೆ ಒಂದೊಂದು ಹಾಕಿ, ತಲೆ ಮುಟ್ಟಿ ಹರಸಿದರು. ಪಕ್ಕದಲ್ಲಿದ್ದ ನಡುವಯಸ್ಸಿನ ಲಾಮಾ ಒಬ್ಬರು ನಮ್ಮ ಮಾತು ಕೇಳಿಸಿಕೊಂಡು, “ಏನ್ರೀ, ದಾವಣಗೆರಿ ಕಡಿಯವ್ರೇನು?” ಅಂದರು. ಅವರು ಹುಟ್ಟಿ ಬೆಳೆದದ್ದು ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಂತೆ. “ಸಣ್ಣಾಂವ ಇದ್ದಾಗ ನಮ್ಮವ್ವನ ಜೋಡಿ ಸ್ವೆಟರ್ ಮಾರಾಕ ದಾವಣಗೆರಿಗೆ ಬರತಿದ್ದೆ. ಬೆಣ್ಣಿ ದೋಸಿ ತಿಂದೀನ್ರೀ” ಅಂದರು. ಬೆಣ್ಣೆ ಅಂದ ಕೂಡಲೇ ರುದ್ರಪ್ಪ ಮಾಸ್ತರು ಹೊಟ್ಟೆ ಹಿಡಿದುಕೊಂಡರು.

“ಸ್ವಾಮ್ಯಾರೆ, ಈ ಶಲ್ಯ ಯಾಕೆ?” ಅಂತ ಗೌರಕ್ಕ ಕೇಳಿದಳು.

“ನೀವು ಎಲ್ಲಾರೂ ಉಪವಾಸ ಹಿಡದೀರಲ್ರೀ! ಇಷ್ಟ್ ದೂರದಿಂದ ಬಂದು, ಈ ಥಂಡ್ಯಾಗ, ಒಬ್ಬರೂ ಒಂದು ಅಗಳ ಮುಟ್ಟಲಿಲ್ಲ. ಇಂಥಾ ಯಾತ್ರಿಕರು ಭಾಳ ಕಡಿಮಿ ಅಂತ ಗುರುಗಳು ನಿಮ್ಮ ಸಲುವಾಗಿ ಬ್ಯಾರೆ ಪ್ರಾರ್ಥನಾ ಮಾಡಿದ್ರು.”

ಉಪವಾಸ! ನಾನು ಗೌರಕ್ಕನ ಮುಖ ನೋಡಿದೆ. ಬೇರೆ ಹೊತ್ತಿನಲ್ಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಹೊಟ್ಟೆಯಲ್ಲಿ ನಗಲಿಕ್ಕೂ ಏನಾದರೂ ಇರಬೇಕಲ್ಲ. “ಹಂಗಲ್ಲ ಸ್ವಾಮ್ಯಾರೆ, ಅದು ನಮ್ಮ ಕಡೆ…” ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ರುದ್ರಪ್ಪ ಮಾಸ್ತರು ನನ್ನ ಕಾಲು ತುಳಿದರು. “ಹೌದ್ರೀ, ಉಪವಾಸ. ನಮ್ಮ ಜಿಲ್ಲೆಯಾಗೆ ಈ ಪದ್ಧತಿ ಭಾಳ ಐತೆ” ಅಂದುಬಿಟ್ಟರು. ಆಮೇಲೆ ನನಗೆ ಪಿಸುಗುಟ್ಟಿದರು, “ಅಷ್ಟು ದೊಡ್ಡ ಗುರುಗಳು ಶಲ್ಯ ಹಾಕಿದ ಮ್ಯಾಲೆ ಅನ್ನ ಕೇಳ್ತೀರೇನ್ರೀ? ಜಿಲ್ಲೆ ಮರ್ಯಾದೆ ಪ್ರಶ್ನೆ.” ಹೀಗೆ ನಾವು ಜಿಲ್ಲೆಯ ಮರ್ಯಾದೆ ಹೊತ್ತುಕೊಂಡು, ಕೊರಳಲ್ಲಿ ಶಲ್ಯ, ಹೊಟ್ಟೆಯಲ್ಲಿ ಉಪ್ಪು ಚಹಾ ಕುಲುಕಿಸುತ್ತಾ ಬೆಟ್ಟ ಇಳಿದೆವು. ನನ್ನ ಜೊತೆ ಯಾರೂ ಮಾತಾಡಲಿಲ್ಲ. ಹೊನ್ನಾಳಿಯ ಒಬ್ಬರು ಮಾತ್ರ, “ಊಟ ಅಂದ್ರೆ ಧ್ಯಾನ ಅಂದಿದ್ರಲ್ಲ, ಸರಿಯಾಗೇ ಮಾಡ್ಸಿದ್ರಿ ಬಿಡ್ರಿ” ಅಂದರು.

ಜೀಪು ಹೊರಟಿತು. ಕೆಳಗಿನ ಊರು ಮುಟ್ಟಲು ಸಂಜೆಯಾಗಬೇಕು, ನಡುವೆ ಒಂದು ಟೀ ಅಂಗಡಿಯೂ ಇಲ್ಲ ಅಂದ ಡ್ರೈವರು. ಆಗ ನಾನು ಡಬ್ಬಿ ತೆಗೆದೆ. ಮುಚ್ಚಳ ತೆರೆದ ಕೂಡಲೇ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ವಾಸನೆ ಜೀಪು ತುಂಬಿತು. ರುದ್ರಪ್ಪ ಮಾಸ್ತರು, “ಶರಣು ತಾಯಿ” ಅಂತ ಎರಡು ರೊಟ್ಟಿ ಒಟ್ಟಿಗೆ ಎತ್ತಿಕೊಂಡರು. ಎಲ್ಲರೂ ಕಟಕಟ ಕಡಿಯತೊಡಗಿದರು. ಗೌರಕ್ಕ ಕಿಟಕಿಯಾಚೆ ಮಂಜು ನೋಡುತ್ತಿದ್ದಳು. ಅವ್ವನ ರೊಟ್ಟಿ ಅವಳು ಇಲ್ಲೂ ಒಲ್ಲೆ ಅಂದರೆ ನಾನು ಇನ್ನು ಅವಳ ಮುಖ ನೋಡುವುದು ಹೇಗೆ? ಧೈರ್ಯ ಮಾಡಿ ಡಬ್ಬಿ ಅವಳ ಮುಂದೆ ಹಿಡಿದೆ.

“ಬ್ಯಾಡ ಬಿಡೇ ಸುಜಾತ” ಅಂದಳು ಗೌರಕ್ಕ.

ನನಗೆ ಎಲ್ಲಿತ್ತೋ ಸಿಟ್ಟು, ಹೊಟ್ಟೆಯದೋ, ಮನಸ್ಸಿನದೋ. ಲಾಮಾಗಳ ಹಾಗೆ ತಲೆಬಾಗಿ ನಮಸ್ಕಾರ ಮಾಡಿ, ಡಬ್ಬಿಯನ್ನು ಮುಂದಿನವರ ಕಡೆ ಸರಿಸಿದೆ.

“ಏ! ಏ! ತಾರೇ ಇಲ್ಲಿ!” ಅಂತ ಗೌರಕ್ಕ ನನ್ನ ಮೊಣಕೈ ಹಿಡಿದು ಜಗ್ಗಿದಳು. ಜೀಪಿಗೆ ಜೀಪೇ ಹೋ ಅಂತ ನಕ್ಕಿತು. ಅವಳೂ ನಕ್ಕಳು. ರೊಟ್ಟಿ ಮುರಿದು, ಪುಡಿ ಹಚ್ಚಿ, ಒಂದಾದ ಮೇಲೆ ಒಂದು ತಿಂದಳು. ಮಡಿಲಲ್ಲಿ ಬಿದ್ದ ಚೂರುಗಳನ್ನೂ ಆರಿಸಿ ತಿಂದಳು. ಕೊನೆಗೆ ಬಾಯಿ ಒರೆಸಿಕೊಂಡು, ಯಾರೂ ಕೇಳದಿದ್ದರೂ, “ದಾರ್ಯಾಗೆ ಎಲ್ಲ ನಡೀತೈತೆ ಬಿಡು” ಅಂದಳು. ಆ ಮಾತು ಚುಚ್ಚಿತು. ಆದರೂ ನಾನು ಗೆದ್ದೆ ಅಂತಲೇ ಅಂದುಕೊಂಡೆ. ಅವ್ವನಿಗೆ ಹೇಳಿದರೆ ಎಷ್ಟು ಖುಷಿಪಡುತ್ತಾಳೋ ಅಂತ ದಾವಣಗೆರೆ ಬರುವ ತನಕ ಕುಣಿಯುತ್ತಿದ್ದೆ.

ಅವ್ವ ಖುಷಿಪಡಲಿಲ್ಲ. ನಾನು ಕಥೆ ಪೂರ್ತಿ ಹೇಳಿ, “ನಿನ್ನ ರೊಟ್ಟಿ ಚೂರೂ ಬಿಡದಂಗೆ ತಿಂದ್ಲು ಕಣವ್ವಾ” ಅಂದೆ. ಅವ್ವ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಹಸಿವಾಗಿತ್ತು, ತಿಂದ್ರು” ಅಂದಳು.

“ಅಂದ್ರೆ?”

“ಹಸಿದೋರು ಯಾರ ಕೈಯಾಗಿದ್ರೂ ತಿಂತಾರೆ. ಅದು ಹೊಟ್ಟೆ ಮಾಡಿದ ಕೆಲ್ಸ, ಟೀಚರಮ್ಮಾರು ಮಾಡಿದ್ದಲ್ಲ. ಹೊಟ್ಟೆ ತುಂಬಿದ್ದಾಗ ಬಂದು, ನಮ್ಮ ಮನ್ಯಾಗೆ ಕುಂತು, ನಾನು ಹಾಕಿದ್ದನ್ನ ಒಂದು ತುತ್ತು ಉಣ್ಲಿ. ಆಗ ಉಂಡ್ರು ಅಂತೀನಿ.”

ನನಗೆ ರೇಗಿತು. ಇಷ್ಟು ವರ್ಷಕ್ಕೆ ಒಂದು ಸಲ ಆಗಿದೆ, ಅದರಲ್ಲೂ ಈ ಮುದುಕಿ ಹುಳುಕು ಹುಡುಕುತ್ತಾಳಲ್ಲ ಅನ್ನಿಸಿತು. ಎರಡು ದಿನ ಅವ್ವನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಶಾಲೆ ಶುರುವಾಯಿತು. ಸ್ಟಾಫ್‌ರೂಮಿನಲ್ಲಿ ಗೌರಕ್ಕ ಕೈಬಾಯಿ ತಿರುಗಿಸಿ ಕಥೆ ಹೇಳಿದ್ದೇ ಹೇಳಿದ್ದು. ಅಡಿಗೆಯವನಿಗೆ ಅಡ್ಡಬಿದ್ದದ್ದು, ಮಗ್ಗಿ ಹೇಳಿದ್ದು, ಮಾಸ್ತರ ಮೀಸೆ. “ಸುಜಾತನ ಅವ್ವನ ರೊಟ್ಟಿ ಇಲ್ದಿದ್ರೆ ನಮ್ಮನ್ನ ಅಲ್ಲೇ ಮಣ್ಣು ಮಾಡಿ ಬರಬೇಕಿತ್ತು. ಏನು ರುಚಿ ಅಂತೀರಿ!” ಅಂದಳು. ನಾನು ಉಬ್ಬಿಹೋಗಿ, “ಹಂಗಾದ್ರೆ ಇವತ್ತು ಸಂಜೆ ಮನೆಗೆ ಬರ್ರಿ ಗೌರಕ್ಕ. ಅವ್ವ ಬಿಸಿ ರೊಟ್ಟಿ ತಟ್ತಾಳೆ” ಅಂದೆ.

ಗೌರಕ್ಕನ ಮುಖ ಸಣ್ಣದಾಯಿತು. “ಬರ್ತೀನಿ ಕಣೇ. ಆದ್ರೆ ಇವತ್ತು ಸೋಮವಾರ ಅಲ್ಲೇನು…”

ಇಷ್ಟು ವರ್ಷ ನಕ್ಕು ನುಂಗಿದ್ದು ಅವತ್ತು ಯಾಕೋ ನುಂಗಲು ಆಗಲಿಲ್ಲ. ಅವ್ವ ಅಂದದ್ದನ್ನು ಅಂದ ಹಾಗೇ ಹೇಳಿಬಿಟ್ಟೆ. ಹಸಿವಿಗೆ ತಿಂದದ್ದು ಲೆಕ್ಕಕ್ಕಿಲ್ಲವಂತೆ, ಹೊಟ್ಟೆ ತುಂಬಿದ್ದಾಗ ಬಂದು ಉಂಡರೆ ಮಾತ್ರ ಉಂಡ ಹಾಗಂತೆ ಅಂದೆ. ಗೌರಕ್ಕ ಡಬ್ಬಿ ಮುಚ್ಚಿ, ಬ್ಯಾಗಿಗೆ ಹಾಕಿಕೊಂಡು ಕ್ಲಾಸಿಗೆ ಹೋದಳು. ಅವತ್ತಿಂದ ನನ್ನ ಜೊತೆ ಮಾತಿಲ್ಲ. ಬೆಲ್ಲು ಹೊಡೆದರೆ ಬೇರೆ ಬಾಗಿಲಿಂದ ಹೋಗುತ್ತಿದ್ದಳು. ನನಗೆ ಅಳು ಬರುತ್ತಿತ್ತು. ಒಂದು ತುತ್ತಿನ ಹಠಕ್ಕೆ ಗಂಜಿ ಕುಡಿಸಿದ ಅಕ್ಕನನ್ನು ಕಳೆದುಕೊಂಡೆನಲ್ಲ ಅಂತ ಅವ್ವನ ಮೇಲೆ ಹರಿಹಾಯ್ದೆ. ಅವ್ವನಿಗೂ ಊಟ ಸೇರುತ್ತಿರಲಿಲ್ಲ ಅನ್ನೋದು ನನಗೆ ಗೊತ್ತಿತ್ತು.

ಆ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಅಡಿಗೆಮನೆಯಲ್ಲಿ ಉಣ್ಣಲು ಕುಂತಿದ್ದೆವು. ಬಾಗಿಲು ದಬದಬ ಬಡಿದ ಸದ್ದು. ತೆರೆದರೆ ಗೌರಕ್ಕ. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಹಣೆಯಲ್ಲಿ ಬೆವರು, ಏದುಸಿರು. ಸವಳಂಗದಲ್ಲಿ ಅವಳ ತಮ್ಮನ ಹೊಸ ಮನೆ ಪ್ರವೇಶ ಅವತ್ತು, ಅಲ್ಲಿಂದ ಬಸ್ ಹಿಡಿದು ನೇರ ಬಂದಿದ್ದಳು. ನನ್ನ ಕಡೆ ನೋಡಲಿಲ್ಲ. ನೇರ ಅಡಿಗೆಮನೆಗೆ ಹೋಗಿ, ಉಸ್ಸಪ್ಪಾ ಅಂತ ಅವ್ವನ ಎದುರಿಗೆ ನೆಲಕ್ಕೆ ಕುಂತಳು.

ಅವ್ವ ಗಾಬರಿಯಾದಳು. “ಅಯ್ಯೋ ಟೀಚರಮ್ಮಾ, ಮಣೆಯಾದ್ರೂ ಹಾಕ್ತಿದ್ದೆ. ಇವತ್ತು ಏನೂ ಮಾಡಿಲ್ಲವ್ವಾ. ಮುದ್ದೆ, ಹುರುಳಿಕಾಳು ಸಾರು, ಅಷ್ಟೇ. ಹೇಳಿ ಕಳ್ಸಿದ್ರೆ ಏನಾದ್ರೂ…”

ಗೌರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹೋಳಿಗೆ, ಪಾಯಸ, ಚಿತ್ರಾನ್ನ, ಎಲ್ಲ ಹೊಟ್ಟೆ ಬಿರಿಯಂಗೆ ಉಂಡ್ಕಂಡೇ ಬಂದೀನಿ ದೊಡ್ಡವ್ವಾ” ಅಂದಳು. “ತಾಟು ಹಾಕ್ರಿ.”

ಅವ್ವ ಕೈ ತೊಳೆದುಕೊಂಡು ಬಂದು ಇಡೀ ಮುದ್ದೆ ಹಾಕಿದಳು.